ಮೋಟಾರು ಬ್ಯಾಟರಿಯ ಜಮಾ-ಖರ್ಚು

(ಆಂಟಾಪ್ ಹಿಲ್‌ನ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮೋಟಾರಿನ ವಿಷಯ ಮಾತನಾಡಲು ನಾವು ಎದ್ದು ನಿಂತುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಬರಬೇಕಾದ್ದೇ. ನಾವು ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಓದಿದ್ದು ಮೆಟ್ರಿಕ್‌ವರೆಗೆ. ಮೋಟಾರು ಹಾಗಿರಲಿ, ನಮಗೆ ಸ್ವಂತದ್ದೊಂದು ಸೈಕಲ್ಲೂ ಇಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವವರಲ್ಲಿ ಹೋಟೆಲಿನವರು, ಗುಮಾಸ್ತರು ಇರುವಂತೆಯೇ ಸ್ಟಿಯರಿಂಗು ಹಿಡಿದು ಹೊಟ್ಟೆ ಹೊರೆಯುವವರೂ ಬಹಳ ಮಂದಿ ಇದ್ದಾರೆ. ವಡಾಲದ ಟ್ರಕ್ ಟರ್ಮಿನಲ್ಲು ನಮ್ಮ ಮಗ್ಗುಲಲ್ಲೇ ಇದೆ. ಎಂ.ಎಚ್. 03 ನಂಬರು ಕೊಡುವ ಆರ್.ಟಿ.ಓ. ಕಚೇರಿ ಇರುವುದೂ ಅಲ್ಲಿಯೇ. ಹೀಗಿರುವಾಗ ಮೋಟಾರಿನ ಮಾತು ಇಲ್ಲಿ ಪರಕೀಯವಲ್ಲ.

ಈ ಭಾಷಣಕ್ಕೆ ಮೂಲವಾದ ಸಂಗತಿಯನ್ನು ಮೊದಲು ಹೇಳುತ್ತೇವೆ. ನಮ್ಮಲ್ಲಿಗೆ ಬರುವ ಕಾರ್ಕಳದ ಕಡೆಯ ತರುಣರೊಬ್ಬರು ಒಬ್ಬ ಧಣಿಯ ಮನೆಯಲ್ಲಿ ಡ್ರೈವರ್ ಆಗಿದ್ದಾರೆ. ಧಣಿಯವರು ಕುಟುಂಬ ಸಮೇತ ಪರದೇಶಕ್ಕೆ ಹೋದರು. ಹೋಗುವಾಗ, "ಗಾಡಿ ಕೆಳಗೆ ನಿಂತಿರಲಿ, ನೀನು ರಜೆ ತೆಗೆದುಕೋ" ಎಂದರು. 26 ದಿನ ಗಾಡಿ ಕಟ್ಟಡದ ಕೆಳಗೆ ನಿಂತಿತು. ತಿರುಗಿ ಬಂದ ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಟಿಕ್ ಟಿಕ್' ಎಂಬ ಸದ್ದು ಬಂತೇ ಹೊರತು ಎಂಜಿನ್ ಏಳಲಿಲ್ಲ. ಹೊಸ ಬ್ಯಾಟರಿ ಹಾಕಿಸಬೇಕಾಯಿತು. "ನೀನು ಒಳಗಿನ ದೀಪ ಹಾಗೆಯೇ ಬಿಟ್ಟು ಹೋಗಿದ್ದೆ" ಎಂದು ಹೇಳಿ ಧಣಿಯವರು ಅದರ ಬೆಲೆಯನ್ನು ಎರಡು ಕಂತುಗಳಲ್ಲಿ ಪಗಾರದಿಂದ ಹಿಡಿಯುವುದಾಗಿ ತಿಳಿಸಿದರು. ಮೊದಲ ಕಂತು ಹಿಡಿದೂ ಆಯಿತು. ಆ ತಿಂಗಳು ಊರಿಗೆ ಹೋಗಬೇಕಾಗಿದ್ದ ಹಣದಲ್ಲಿ ಅಷ್ಟು ಕಡಮೆ ಬಿತ್ತು.

ಆ ಸಂಜೆ ಅವರು ಇಲ್ಲಿಗೆ ಬಂದು ಪತ್ರಿಕೆ ತೆರೆದು ಕುಳಿತರು. ಆದರೆ ಓದುತ್ತಿರಲಿಲ್ಲ. ಕೇಳಿದಾಗ ಇದೆಲ್ಲವನ್ನೂ ಹೇಳಿದರು. "ನಾನು ದೀಪ ಆರಿಸಿದ್ದೆ ಅಣ್ಣಾ. ಆದರೆ ಅದಕ್ಕೆ ಸಾಕ್ಷಿ ಯಾರು?" ಎಂದರು. ಆಗ ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ತಲೆ ಎತ್ತಿದರು. ಅವರು ಕುಂದಾಪುರದ ಕಡೆಯವರು. ಬಹಳ ವರ್ಷ ಫಿಯೆಟ್ ಟ್ಯಾಕ್ಸಿ ಓಡಿಸಿದವರು. "ಮಗಾ, ನನ್ನ ಫಿಯೆಟ್ ಬಿಟ್ಟು ತಿಂಗಳುಗಟ್ಟಲೆ ಊರಿಗೆ ಹೋಗಿ ಬರುತ್ತಿದ್ದೆ. ಬಂದು ಚೋಕ್ ಎಳೆದು ಸೆಲ್ಫ್ ಹೊಡೆದರೆ ನಾಲ್ಕು ಸಲ ಕೆಮ್ಮಿ ಏಳುತ್ತಿತ್ತು. ನಿನ್ನ ಗಾಡಿ ಹೊಸದು, ಅದು ಯಾಕೆ ಹೀಗೆ ಮಾಡಿತು?" ಎಂದು ಕೇಳಿದರು.

ಅವರ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿಯಿತು. ಹಳೆಯ ಗಾಡಿ ಎದ್ದಿತು, ಹೊಸ ಗಾಡಿ ಮಲಗಿತು. ಇದು ಡ್ರೈವರನ ತಪ್ಪೇ, ದೀಪದ ತಪ್ಪೇ, ಅಥವಾ ಗಾಡಿಯ ಗುಣವೇ? ಗ್ಯಾರೇಜಿನವರನ್ನು ಕೇಳಿ, ಓದಿ, ಲೆಕ್ಕ ಹಾಕಿ ತಿಳಿದುದನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲಿಗೆ ಬ್ಯಾಟರಿ ಎಂದರೇನು ಎಂಬುದನ್ನು ನೋಡೋಣ. ಸೀಸದ ಫಲಕಗಳನ್ನು ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಮುಳುಗಿಸಿಟ್ಟ ಪೆಟ್ಟಿಗೆ ಅದು. ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ಇದನ್ನು ಕಂಡುಹಿಡಿದರು. ಪೆಟ್ಟಿಗೆಯೊಳಗೆ ಆರು ಕೋಣೆಗಳಿವೆ. ಒಂದೊಂದು ಕೋಣೆ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಆರೂ ಸೇರಿ 12 ವೋಲ್ಟ್ ಎನ್ನುತ್ತೇವೆ. ತುಂಬಿದ ಬ್ಯಾಟರಿ ನಿಜವಾಗಿ 12.6 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ವಿದ್ಯುತ್ತನ್ನು ತೆಗೆದಂತೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಆಮ್ಲ ನೀರಾಗುತ್ತ ಹೋಗುತ್ತದೆ. ವಿದ್ಯುತ್ತನ್ನು ತಿರುಗಿ ತುಂಬಿದರೆ ಸಲ್ಫೇಟು ಕರಗಿ ಮೊದಲಿನಂತಾಗುತ್ತದೆ. ಆದರೆ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ದಿನಗಟ್ಟಲೆ ಬಿಟ್ಟರೆ ಆ ಸಲ್ಫೇಟು, ಒಲೆಯಿಂದ ಇಳಿಸಿ ಮರೆತ ಬೆಲ್ಲದ ಪಾಕದಂತೆ, ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ತುಂಬಿದರೂ ಪೂರ್ತಿ ಕರಗದು. ಬ್ಯಾಟರಿಯ ಆಯುಷ್ಯ ಕಳೆಯುವ ಒಂದು ದೊಡ್ಡ ಕಾರಣ ಇದು.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಬ್ಯಾಟರಿ ಒಂದು ಪಾಸ್‌ಬುಕ್ಕು. ಎಂಜಿನ್ ತಿರುಗುವಾಗ ಜಮಾ, ಉಳಿದ ಹೊತ್ತು ಖರ್ಚು. ಪೆಟ್ಟಿಗೆಯ ಮೇಲೆ 45 ಎ.ಎಚ್. ಎಂದು ಬರೆದಿದ್ದರೆ, ಅದರಿಂದ ಲೆಕ್ಕಕ್ಕೆ ಒಂದು ಆಂಪಿಯರಿನಂತೆ 45 ಗಂಟೆ ತೆಗೆಯಬಹುದು ಎಂದು ಅರ್ಥ.

ಈಗ ಎಂಜಿನ್ ಎಬ್ಬಿಸುವ ವಿಷಯ. ಮೋಟಾರಿನ ಮೊದಲ ಕಾಲದಲ್ಲಿ ಮುಂದೆ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಬೇಕಾಗಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಕೆಟರಿಂಗ್ ಎಂಬುವರು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರಲ್ಲಿ ಕ್ಯಾಡಿಲಾಕ್ ಗಾಡಿಗೆ ಬಂತು. ಅಂದಿನಿಂದ ಡ್ರೈವರನ ತೋಳಿನ ಕೆಲಸವನ್ನು ಬ್ಯಾಟರಿ ವಹಿಸಿಕೊಂಡಿತು. ಆದರೂ ಜೀಪು ಮೊದಲಾದ ಹಳೆಯ ಗಾಡಿಗಳಲ್ಲಿ ಹ್ಯಾಂಡಲ್ ಬಹಳ ಕಾಲ ಜೊತೆಗಿತ್ತು. ಬ್ಯಾಟರಿ ಕೈಕೊಟ್ಟರೆ ತೋಳು ಇತ್ತು.

ನಮ್ಮ ಹಿರಿಯರ ಫಿಯೆಟ್ಟಿಗೆ ಬರೋಣ. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿ, ಇಲ್ಲಿಗೆ ಹತ್ತಿರದ ಕುರ್ಲಾದ ಕಾರ್ಖಾನೆಯಲ್ಲಿ, 1950ರ ದಶಕದಿಂದ ಫಿಯೆಟ್ 1100 ಗಾಡಿಗಳನ್ನು ಹೊರತಂದಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಕಪ್ಪು-ಹಳದಿ ಬಣ್ಣದ ಆ ಟ್ಯಾಕ್ಸಿ ಮುಂಬಯಿಯ ಗುರುತೇ ಆಗಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ ಆರ್.ಟಿ.ಓ.ದಲ್ಲಿ ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ 30ರಿಂದ ಅದೂ ರಸ್ತೆ ಬಿಟ್ಟಿತು.

ಆ ಫಿಯೆಟ್ಟಿನಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುವುದು ಕಾರ್ಬೊರೇಟರು. ಕಿಡಿ ಕೊಡುವುದು ಪಾಯಿಂಟು. ಮಳೆಗಾಲದ ಥಂಡಿಯಲ್ಲಿ ಚೋಕ್ ಎಳೆದು, ಐದು ಹತ್ತು ಸೆಕೆಂಡು ಸೆಲ್ಫ್ ಹೊಡೆದು, ನಿಲ್ಲಿಸಿ, ಮತ್ತೆ ಹೊಡೆದು ಎಬ್ಬಿಸಬೇಕಾಗಿತ್ತು. ಎಬ್ಬಿಸುವಾಗ ಬ್ಯಾಟರಿಗೆ ಬಹಳ ಖರ್ಚು. ಅಲ್ಲದೆ ಹಳೆಯ ಗಾಡಿಗಳಲ್ಲಿ ಜಮಾ ಮಾಡುತ್ತಿದ್ದುದು ಡೈನಮೊ. ಸಿಗ್ನಲ್ಲಿನಲ್ಲಿ ಗಾಡಿ ನಿಂತು ಎಂಜಿನ್ ನಿಧಾನವಾದರೆ ಡೈನಮೊ ಏನೂ ಕೊಡುತ್ತಿರಲಿಲ್ಲ. ಎದುರಿನ ಕೆಂಪು ದೀಪ ಮಿಣುಕುತ್ತಿತ್ತು. ರಾತ್ರಿ ಪಾಳಿಯಲ್ಲಿ ಹೆಡ್‌ಲೈಟು ಹಾಕಿ ಗರ್ದಿಯಲ್ಲಿ ತೆವಳುವಾಗ ಜಮೆಗಿಂತ ಖರ್ಚೇ ಹೆಚ್ಚಾಗುತ್ತಿತ್ತು. ಅದರಿಂದಲೇ ಹಳೆಯ ಡ್ರೈವರರು ಸಿಗ್ನಲ್ಲಿನಲ್ಲಿ ದೀಪ ತಗ್ಗಿಸುವುದು, ಇಳಿಜಾರು ನೋಡಿ ಗಾಡಿ ನಿಲ್ಲಿಸುವುದು, ನಾಲ್ಕು ಜನ ಸೇರಿ ಧಕ್ಕಾ ಕೊಟ್ಟು ಎಬ್ಬಿಸುವುದು ಇವೆಲ್ಲವನ್ನೂ ಕಲಿತಿದ್ದರು.

ಆದರೆ ಆ ಫಿಯೆಟ್ಟಿಗೆ ಒಂದು ದೊಡ್ಡ ಗುಣವಿತ್ತು. ಕೀಲಿ ತೆಗೆದ ಮೇಲೆ ಅದು ನಿಜವಾಗಿ ಮಲಗುತ್ತಿತ್ತು. ಅದರೊಳಗೆ ಎಚ್ಚರವಾಗಿರುವ ವಸ್ತು ಯಾವುದೂ ಇರಲಿಲ್ಲ. ಬ್ಯಾಟರಿ ತನ್ನಷ್ಟಕ್ಕೆ ತುಸು ಇಳಿಯುವುದನ್ನು ಬಿಟ್ಟರೆ ಖರ್ಚೇ ಇಲ್ಲ.

ಹೊಸ ಗಾಡಿಯ ರೀತಿ ಬೇರೆ. ಅದರಲ್ಲಿ ಕಾರ್ಬೊರೇಟರು ಇಲ್ಲ, ಚೋಕ್ ಇಲ್ಲ. ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ, ಎಲ್ಲವನ್ನೂ ಒಂದು ಸಣ್ಣ ಕಂಪ್ಯೂಟರು ನಿರ್ಧರಿಸುತ್ತದೆ. ಕೀಲಿ ತಿರುಗಿಸಿದ ಒಂದೆರಡು ಸೆಕೆಂಡಿನಲ್ಲಿ ಎಂಜಿನ್ ಎದ್ದಿತು. ಡೈನಮೊ ಬದಲು ಆಲ್ಟರ್ನೇಟರು ಬಂದಿದೆ. ಅದು ಎಂಜಿನ್ ನಿಧಾನವಾಗಿದ್ದಾಗಲೂ ತಕ್ಕಮಟ್ಟಿಗೆ ಜಮಾ ಮಾಡುತ್ತದೆ. ಆದರೆ ಕೀಲಿ ತೆಗೆದ ಮೇಲೂ ಈ ಗಾಡಿ ಪೂರ್ತಿ ಮಲಗುವುದಿಲ್ಲ. ಬಾಗಿಲಿನ ರಿಮೋಟಿಗೆ ಕಿವಿಗೊಟ್ಟಿರಬೇಕು, ಕಳ್ಳಗಂಟೆ ಎಚ್ಚರವಾಗಿರಬೇಕು, ಗಡಿಯಾರ ನಡೆಯಬೇಕು, ಕಂಪ್ಯೂಟರಿನ ನೆನಪು ಉಳಿಯಬೇಕು. ಇದಕ್ಕೆಲ್ಲ ಹಗಲೂ ರಾತ್ರಿ ಅಲ್ಪ ಸ್ವಲ್ಪ ವಿದ್ಯುತ್ತು ಹೋಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ಇದು 20ರಿಂದ 50 ಮಿಲಿ ಆಂಪಿಯರು. ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿಗೆ ಮಿಲಿ ಆಂಪಿಯರು ಎನ್ನುತ್ತಾರೆ.

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಹಳೆಯ ಗಾಡಿ ಏಳುವಾಗ ಬಹಳ ಉಣ್ಣುತ್ತದೆ, ಮಲಗಿದಾಗ ಉಪವಾಸವಿರುತ್ತದೆ. ಹೊಸ ಗಾಡಿ ಏಳುವಾಗ ಒಂದೇ ತುತ್ತು ಉಣ್ಣುತ್ತದೆ, ಮಲಗಿದಾಗ ಸದ್ದಿಲ್ಲದೆ ಮೆಲ್ಲುತ್ತಲೇ ಇರುತ್ತದೆ.

ಇದನ್ನು ಅಂಕಿಯಲ್ಲಿ ನೋಡೋಣ. ಸಣ್ಣ ಪೆಟ್ರೋಲ್ ಗಾಡಿಯ ಸ್ಟಾರ್ಟರು ಸುಮಾರು 150 ಆಂಪಿಯರು ಎಳೆಯುತ್ತದೆ ಎಂದು ಇಟ್ಟುಕೊಳ್ಳಿ. ಕೇಳಲು ಭಯಂಕರ. ಆದರೆ ಎರಡೇ ಸೆಕೆಂಡು. ಲೆಕ್ಕ ಮಾಡಿದರೆ ಒಂದು ಆಂಪಿಯರ್ ಗಂಟೆಯ ಹನ್ನೆರಡರಲ್ಲೊಂದು ಪಾಲು ಮಾತ್ರ. ಗಾಡಿ ಕೆಲವು ನಿಮಿಷ ಓಡಿದರೆ ಅದು ತಿರುಗಿ ತುಂಬುತ್ತದೆ. ಇನ್ನು ನಿಂತ ಗಾಡಿ ನೋಡಿ. 40 ಮಿಲಿ ಆಂಪಿಯರು ಎಂದರೆ ಏನೂ ಅಲ್ಲವೆನಿಸುತ್ತದೆ. ಆದರೆ 24 ಗಂಟೆಗೆ ಅದು 0.96 ಆಂಪಿಯರ್ ಗಂಟೆ. ಅಂದರೆ ಒಂದು ದಿನ ಸುಮ್ಮನೆ ನಿಂತದ್ದು ಹನ್ನೊಂದು ಹನ್ನೆರಡು ಸಲ ಸ್ಟಾರ್ಟ್ ಮಾಡಿದ್ದಕ್ಕೆ ಸಮ! ಅದೂ ಜಮೆಯ ಆಸೆ ಇಲ್ಲದ ಖರ್ಚು. ಚಿಲ್ಲರೆ ಖರ್ಚಿಗೆ ಚೀಟಿ ಇಡದೆ ತಿಂಗಳ ಕೊನೆಗೆ ಪಗಾರ ಎಲ್ಲಿ ಹೋಯಿತೆಂದು ಹುಡುಕುವ ನಮಗೆ ಇದು ಹೊಸ ಪಾಠವೇನಲ್ಲ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡುದನ್ನು ನೆನೆಯಿರಿ. ಗಾಡಿಗಳು ವಾರಗಟ್ಟಲೆ ನಿಂತಲ್ಲೇ ನಿಂತವು. ತಿರುಗಿ ಹೊರಡುವ ದಿನ ಬಂದಾಗ ಎಷ್ಟೋ ಗಾಡಿಗಳು ಏಳಲಿಲ್ಲ. ಆಗ ಯಾವ ಡ್ರೈವರನು ದೀಪ ಬಿಟ್ಟು ಹೋಗಿದ್ದ?

ಈಗ ನಮ್ಮ ತರುಣರ ಗಾಡಿಯ ಲೆಕ್ಕ. ಅವರು ಪರಿಚಯದ ಮೆಕ್ಯಾನಿಕ್ಕನ್ನು ಕರೆತಂದು, ಧಣಿಯವರ ಒಪ್ಪಿಗೆ ಪಡೆದು, ನಿಂತ ಗಾಡಿಯ ಖರ್ಚನ್ನು ಮೀಟರಿನಿಂದ ಅಳೆಸಿದರು. ಬಾಗಿಲು ಹಾಕಿ, ಕೀಲಿ ತೆಗೆದು, ಗಾಡಿ ನಿದ್ದೆಗೆ ಹೋಗುವವರೆಗೆ ಕಾದು ನೋಡಿದಾಗ 40 ಮಿಲಿ ಆಂಪಿಯರು ತೋರಿಸಿತು. 26 ದಿನಕ್ಕೆ 24.96, ಅಂದರೆ 25 ಆಂಪಿಯರ್ ಗಂಟೆ. ತೆಗೆದುಹಾಕಿದ ಬ್ಯಾಟರಿ 45ರದ್ದು. ಆದರೆ ಅದರ ಮೇಲಿನ ತಾರೀಖು ನೋಡಿದರೆ ನಾಲ್ಕು ವರ್ಷ ದಾಟಿತ್ತು. ನಮ್ಮ ದೇಶದ ಸೆಕೆಯಲ್ಲಿ ಸಾಮಾನ್ಯವಾಗಿ ಬ್ಯಾಟರಿ ಬಾಳುವುದು ಮೂರರಿಂದ ಐದು ವರ್ಷ. ಅದರಲ್ಲಿ ಮೂರರಲ್ಲಿ ಎರಡು ಪಾಲು, ಎಂದರೆ 30, ಉಳಿದಿತ್ತೆಂದು ಹಿಡಿದರೂ 25 ಕಳೆದರೆ ಐದೇ ಐದು. ಅಷ್ಟರಲ್ಲಿ ಎಂಜಿನ್ ಏಳದು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ದೀಪ ಉರಿದಿರಲಿಲ್ಲವೆಂದು ನಾವು ಸಾಧಿಸಲಾರೆವು. ಅದಕ್ಕೆ ಸಾಕ್ಷಿ ಇಲ್ಲ. ಆದರೆ ದೀಪ ಉರಿಯದಿದ್ದರೂ ಆ ಬ್ಯಾಟರಿ ಇಳಿಯುತ್ತಲೇ ಇತ್ತು ಎಂಬುದನ್ನು ಸಾಧಿಸಬಹುದು. ಒಂದು ಹಾಳೆಯಲ್ಲಿ ಇದಿಷ್ಟನ್ನೂ ಅಚ್ಚುಕಟ್ಟಾಗಿ ಬರೆದೆವು. ಯಾರ ಮೇಲೂ ದೂರು ಬರೆಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅಂಕಿಗಳನ್ನು ಒಂದರ ಕೆಳಗೊಂದು ಇಟ್ಟು ಕೊನೆಗೆ ಗೆರೆ ಎಳೆದೆವು. ತರುಣರು ಅದನ್ನು ಧಣಿಯವರಿಗೆ ಕೊಟ್ಟರು. ಅವರು ಓದಿ ಜೇಬಿಗೆ ಇಟ್ಟುಕೊಂಡರಂತೆ, ಏನೂ ಹೇಳಲಿಲ್ಲವಂತೆ. ಮುಂದಿನ ತಿಂಗಳ ಪಗಾರ ಪೂರ್ತಿ ಬಂತು. ಎರಡನೆಯ ಕಂತು ಹಿಡಿಯಲಿಲ್ಲ. ಮೊದಲನೆಯದು ತಿರುಗಿ ಬರಲಿಲ್ಲ. ಅರ್ಧ ನ್ಯಾಯವೆನ್ನಿ. ಆದರೆ ಆ ತರುಣರು ನಮಗೆ ಹೇಳಿದ್ದು ಹಣದ ಮಾತಲ್ಲ. "ಇನ್ನು ಅವರು ನನ್ನನ್ನು ಮರೆಗುಳಿ ಎಂದು ನೋಡುವುದಿಲ್ಲ ಅಣ್ಣಾ" ಎಂದರು.

ಇಷ್ಟು ತಿಳಿದ ಮೇಲೆ ನಿತ್ಯದ ಉಪಯೋಗಕ್ಕೆ ಬರುವ ಕೆಲವು ಮಾತುಗಳನ್ನು ಹೇಳುತ್ತೇವೆ.

ಒಂದನೆಯದು, ಸೆಕೆಯ ವಿಷಯ. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಗಾಡಿ ಏಳದಿದ್ದರೆ ಚಳಿಯನ್ನು ಬೈಯುತ್ತೇವೆ. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುವುದು ನಿಜ. ಆದರೆ ಅದರ ಆಯುಷ್ಯವನ್ನು ತಿನ್ನುವುದು ಬಿಸಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನ ಸವೆತ ಸುಮಾರು ಇಮ್ಮಡಿಯಾಗುತ್ತದೆ. ಕಲಬುರಗಿಯ ಬೇಸಿಗೆಯೂ ಮುಂಬಯಿಯ ಗರ್ದಿಯಲ್ಲಿ ಕುದಿಯುವ ಬಾನೆಟ್ಟೂ ಬ್ಯಾಟರಿಗೆ ಒಂದೇ. ಆದುದರಿಂದ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವುದು ಸೋಮಾರಿತನವಲ್ಲ, ಉಳಿತಾಯ.

ಎರಡನೆಯದು, ನಿಲ್ಲಿಸುವ ಗಾಡಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಎಂಜಿನ್ ಹಾಕಿ ಆರಿಸಿದರೆ ಪುಣ್ಯ ಬಾರದು. ಅಷ್ಟರಲ್ಲಿ ಜಮೆಯಾಗುವುದು ಅಲ್ಪ. ತಿಂಗಳುಗಟ್ಟಲೆ ನಿಲ್ಲುವುದಾದರೆ ಧಣಿಯವರನ್ನು ಕೇಳಿ ನೆಗೆಟಿವ್ ತಂತಿಯನ್ನು ಬಿಚ್ಚಿಡಬಹುದು. ಗಡಿಯಾರ, ರೇಡಿಯೋ ಮುಂತಾದವನ್ನು ಆಮೇಲೆ ಸರಿಪಡಿಸಿಕೊಳ್ಳಬೇಕಾದೀತು, ಅಷ್ಟೇ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಪಾನಾ ಜಾರಿ ಗಾಡಿಯ ಲೋಹಕ್ಕೆ ತಗುಲಿದರೂ ಕಿಡಿ ಹಾರದಿರಲು ಈ ಕ್ರಮ.

ಮೂರನೆಯದು, ಅಳತೆ. ಸಾಧಾರಣ ಮೀಟರು ದುಬಾರಿಯಲ್ಲ, ನಾಲ್ಕು ಮಂದಿ ಸೇರಿ ಒಂದನ್ನು ಕೊಳ್ಳಬಹುದು. ಕೆಲವು ಗಂಟೆ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 11.8ಕ್ಕೆ ಇಳಿದರೆ ಖಾಲಿ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಇರಬೇಕು. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುವುದುಂಟು. ಎಂಜಿನ್ ಓಡುವಾಗಲೂ 12ರ ಹತ್ತಿರವೇ ಉಳಿದರೆ ದೋಷ ಬ್ಯಾಟರಿಯದ್ದೇ ಎನ್ನುವಂತಿಲ್ಲ, ಆಲ್ಟರ್ನೇಟರನ್ನೋ ಬೆಲ್ಟನ್ನೋ ನೋಡಿಸಬೇಕು. ಇದನ್ನು ನೋಡದೆ ಹೊಸ ಬ್ಯಾಟರಿ ಕೊಂಡವರು ಎಂಟು ದಿನದಲ್ಲಿ ಮತ್ತೆ ರಸ್ತೆಯಲ್ಲಿ ನಿಲ್ಲುತ್ತಾರೆ.

ನಾಲ್ಕನೆಯದು, ಧಕ್ಕಾ. ಫಿಯೆಟ್ಟಿಗೆ ನಡೆದದ್ದು ಹೊಸ ಗಾಡಿಗೆ ನಡೆಯುತ್ತದೆಂದು ತಿಳಿಯಬೇಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಜೀವವಿಲ್ಲ, ಎಷ್ಟು ತಳ್ಳಿದರೂ ಏಳದು. ಆಟೋಮ್ಯಾಟಿಕ್ ಗೇರಿನ ಗಾಡಿಯನ್ನಂತೂ ತಳ್ಳಿ ಎಬ್ಬಿಸುವ ಮಾತೇ ಇಲ್ಲ. ಇನ್ನೊಂದು ಗಾಡಿಯಿಂದ ತಂತಿ ಹಾಕುವುದೇ ದಾರಿ. ಮೊದಲು ಪಾಸಿಟಿವಿಗೆ ಪಾಸಿಟಿವ್ ಹಾಕಿ. ಆಮೇಲೆ ಒಳ್ಳೆಯ ಬ್ಯಾಟರಿಯ ನೆಗೆಟಿವಿನಿಂದ ಬಂದ ತಂತಿಯನ್ನು ಸತ್ತ ಗಾಡಿಯ ಎಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಸಿಕ್ಕಿಸಿ. ತುಂಬುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.

ಐದನೆಯದು, ನೀರು. ಮುಚ್ಚಳವಿರುವ ಹಳೆಯ ಮಾದರಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಲ್ಲಿಯ ನೀರಲ್ಲ. ನೀರು ಫಲಕಗಳನ್ನು ಮುಚ್ಚಿರಬೇಕು. ಮಳೆಗಾಲದಲ್ಲಿ ತುದಿಗಳ ಮೇಲೆ ಕೂರುವ ಬಿಳಿ-ಹಸಿರು ಬೂಷ್ಟನ್ನು ಸೋಡಾ ಪುಡಿ ಕಲಸಿದ ನೀರಿನಿಂದ ಉಜ್ಜಿ, ಒರೆಸಿ, ಬಿಗಿ ಮಾಡಬೇಕು. ಎಷ್ಟೋ ಸಲ 'ಬ್ಯಾಟರಿ ಹೋಯಿತು' ಎನ್ನುವುದು ಬರಿಯ ಸಡಿಲ ತುದಿಯ ದೋಷವಾಗಿರುತ್ತದೆ. ಹೊಸದು ಕೊಳ್ಳುವ ಮುನ್ನ ಇದನ್ನು ನೋಡಿ. ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ತಿರುಗಿ ಕೊಡಿ. ಅದಕ್ಕೆ ಬೆಲೆಯಲ್ಲಿ ಮುಜರೆ ಸಿಗುತ್ತದೆ. ಸೀಸ ವಿಷ, ಗಲ್ಲಿಯಲ್ಲಿ ಒಡೆದರೆ ನಮ್ಮ ಮಕ್ಕಳ ಮೈಗೇ ಸೇರುತ್ತದೆ.

ಕೊನೆಯದು ಗುಮಾಸ್ತರ ಮಾತು. ಡ್ರೈವರ್ ಬಂಧುಗಳೇ, ಎರಡಾಣೆಯ ನೋಟುಬುಕ್ಕಿನ ಕಾಲ ಹೋಯಿತು, ಆದರೆ ನೋಟುಬುಕ್ಕಿನ ಕಾಲ ಹೋಗಿಲ್ಲ. ಗಾಡಿಯಲ್ಲಿ ಒಂದನ್ನು ಇಡಿ. ಬ್ಯಾಟರಿ ಕೊಂಡ ತಾರೀಖು, ಬಿಲ್ಲು ಮತ್ತು ವಾರಂಟಿ ಕಾರ್ಡು ಎಲ್ಲಿದೆ ಎಂಬುದು, ಗಾಡಿ ನಿಲ್ಲಿಸಿದ ದಿನ, ದೀಪಗಳನ್ನು ಆರಿಸಿ ನೋಡಿದೆ ಎಂಬ ಒಂದು ಸಾಲು, ಧಣಿಯವರಿಗೆ "ಇಷ್ಟು ದಿನ ನಿಂತರೆ ಬ್ಯಾಟರಿ ಇಳಿದೀತು" ಎಂದು ತಿಳಿಸಿದ ದಿನ, ಇಷ್ಟನ್ನು ಬರೆಯಿರಿ. ಬರೆಯಲು ಬಾರದವರು ಇಲ್ಲಿಗೆ ಬನ್ನಿ, ಸಂಜೆ ಏಳರಿಂದ ಒಂಬತ್ತರವರೆಗೆ ನಾವು ಇರುತ್ತೇವೆ, ಬರೆದುಕೊಡುತ್ತೇವೆ. ಬರೆಯಲು ಕಲಿಯುವುದಾದರೆ ಇನ್ನೂ ಸಂತೋಷ. ಆ ತರುಣರ ಬಳಿ ಅಂಥ ಒಂದು ಸಾಲು ಇದ್ದಿದ್ದರೆ ಮೊದಲ ಕಂತೂ ಉಳಿಯುತ್ತಿತ್ತೋ ಏನೋ.

ಭಾಷಣ ಸಿದ್ಧವಾದ ಮೇಲೆ ಫಿಯೆಟ್ಟಿನ ಹಿರಿಯರಿಗೆ ಓದಿ ತೋರಿಸಿದೆವು. ಅವರು ಪೂರ್ತಿ ಕೇಳಿ, "ಹಾಗಾದರೆ ಓಡುವ ಗಾಡಿಗೆ ಕಾಯಿಲೆ ಕಡಮೆ ಎಂದು ನಾನು ಹೇಳುತ್ತಿದ್ದುದು ಸುಳ್ಳಲ್ಲ" ಎಂದರು. ಸುಳ್ಳಲ್ಲ. ಅವರು ಅನುಭವದಿಂದ ಅರಿತುದನ್ನು ನಾವು ಅಂಕಿಯಿಂದ ಅರಿತೆವು, ಅಷ್ಟೇ ವ್ಯತ್ಯಾಸ.

ತಪ್ಪಿದ್ದರೆ ತಿಳಿದವರು ತಿದ್ದಬೇಕು. ಮೀಟರು ಕೊಳ್ಳುವ ವಂತಿಗೆಗೆ ಹೆಸರು ಬರೆಸುವವರು ಬಾಗಿಲ ಬಳಿಯ ಮೇಜಿಗೆ ಬರಬಹುದು.